ಪಿಂಗಾಣಿ ಬಟ್ಟಲು, ನಮ್ಮ ಬಾವಿಯ ನೀರು

ನನ್ನ ಸ್ವರ ಹೋದದ್ದು ಮದುವೆಯಾದ ವರ್ಷವೇ. ಗುಲ್ವಾಡಿಯ ಗಂಡನ ಮನೆಗೆ ಬಂದು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಸರಿಯಾಗಿ ಗೊತ್ತಾಗುವ ಮೊದಲೇ ಗಂಟಲುಮಾರಿ ಬಂದು ಮಲಗಿಸಿತು. ಬದುಕಿದ್ದೇ ದೊಡ್ಡದು ಎಂದು ಎಲ್ಲರೂ ಹೇಳಿದರು. ಹಾಸಿಗೆ ಬಿಟ್ಟೆದ್ದ ಮೇಲೆ ಒಂದು ಸಂಜೆ ದೇವರಿಗೆ ದೀಪ ಹಚ್ಚಿ, ಅಭ್ಯಾಸದ ಮೇಲೆ ಹಾಡಲು ಬಾಯಿ ತೆರೆದೆ. ಒಣಗಿದ ತೆಂಗಿನ ಮಡಲನ್ನು ಅಂಗಳದ ಮೇಲೆ ಎಳೆದ ಹಾಗೆ ಒಂದು ಸದ್ದು ಬಂತು. ಅದು ನನ್ನದೇ ಗಂಟಲಿನಿಂದ ಬಂದದ್ದು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೋಟದ ನನ್ನ ತವರಿನಲ್ಲಿ ಅಪ್ಪಯ್ಯನಿಗೆ ಸಂಗೀತದ ಹುಚ್ಚು. ಗದ್ದೆ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದವರು ಶ್ರುತಿಪೆಟ್ಟಿಗೆ ಹಿಡಿದು ಕುಳಿತರೆ ನಾನು ಎದುರಿಗೆ ಕೂರಲೇಬೇಕು. ಸರಳೆ, ಜಂಟಿ ಎಲ್ಲ ಅವರೇ ಹೇಳಿಕೊಟ್ಟದ್ದು. ಹೆಣ್ಣು ನೋಡಲು ಬಂದಾಗ ಅತ್ತೆ ನನ್ನ ಅಡುಗೆ ಕೇಳಲಿಲ್ಲ, ಜಾತಕವನ್ನೂ ಆಮೇಲೆ ನೋಡಿದರು. ಮೊದಲು ಒಂದು ಹಾಡು ಹೇಳಿಸಿದರು. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಈ ಹೆಣ್ಣ್ ನಮ್ಮನಿಗ್ ಬರ್ಕ್" ಎಂದು ಅಲ್ಲೇ ಹೇಳಿಬಿಟ್ಟರು. ಹಾಗೆ ಆರಿಸಿ ತಂದ ಸೊಸೆಯ ಸ್ವರವೇ ಹೋದಾಗ ಅವರು ಒಂದು ಮಾತನ್ನೂ ಆಡಲಿಲ್ಲ. ನಾನು ಗೊಗ್ಗರು ದನಿಯಲ್ಲಿ ಮಾತಾಡುವಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು, ಅಷ್ಟೇ.

ಅದೇ ವರ್ಷ ಮನೆಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಬೈಂದೂರಿಗೆ ಕೊಟ್ಟಿದ್ದ ನನ್ನ ನಾದಿನಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಅತ್ತೆಗೆ ಅವಳೊಬ್ಬಳೇ ಮಗಳು.

ಅಲ್ಲಿಯ ತನಕ ಅತ್ತೆಗೆ ಒಂದು ನಿಯಮವಿತ್ತು. ಹೊತ್ತು ಮುಳುಗುವಾಗ ತುಳಸಿಗೆ ದೀಪವಿಟ್ಟು ಜಪಮಣಿ ಹಿಡಿದು ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದರು. ಆಗ ಮಾವನೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಮಗಳು ಹೋದ ಮೇಲೆ ಆ ಕೂರುವುದೇ ನಿಂತಿತು. ಕಣ್ಣು ಮುಚ್ಚಿದರೆ ಸಾಕು, ಬೆಂಕಿ ತಾಗಿದವರ ಹಾಗೆ ಎದ್ದುಬಿಡುತ್ತಿದ್ದರು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವುದು, ತೊಳೆದ ಪಾತ್ರೆಯನ್ನು ಮತ್ತೆ ತಿಕ್ಕುವುದು. ಹಗಲೆಲ್ಲ ಏನಾದರೊಂದು ಮಾತು. ಭಜನೆ ಕೇಳಿಸಿದರೆ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಮಾವ ದೇವಸ್ಥಾನದ ಪೂಜೆ ಮುಗಿಸಿ ಬಂದು ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ಹಾಗೇ ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು.

ನಮ್ಮವರು ಆಗ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಯುದ್ಧದ ಕಾಲ. ಬೊಂಬಾಯಿಗೆ ಬಾಂಬು ಬೀಳುತ್ತದೆ ಎಂಬ ಹೆದರಿಕೆ ಹಬ್ಬಿ, ನಮ್ಮ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರತೊಡಗಿದ್ದರು. ಇವರ ಹೋಟೆಲಿಗೂ ಬೀಗ ಬಿತ್ತು. ಬಾಗಿಲು ಹಾಕುವಾಗ ಒಡೆಯರು, ಬೇಕಾದ ಪಾತ್ರೆ ಕೊಂಡುಹೋಗಿ ಎಂದು ಕೆಲಸದವರಿಗೆಲ್ಲ ಹೇಳಿದರಂತೆ. ಉಳಿದವರು ಹಿತ್ತಾಳೆ ಹಂಡೆ, ತಟ್ಟೆ ಹೊತ್ತುಕೊಂಡರು. ಇವರು ಒಂದು ಮರದ ಪೆಟ್ಟಿಗೆ ತುಂಬ ಪಿಂಗಾಣಿ ಬಟ್ಟಲುಗಳನ್ನು ಹುಲ್ಲಿನಲ್ಲಿ ಸುತ್ತಿ ತಂದರು. ದೊಡ್ಡದು, ಸಣ್ಣದು, ನೀಲಿ ಅಂಚಿನದು, ಹೂವಿನ ಚಿತ್ರದ್ದು. ರೈಲು, ಬಸ್ಸು, ದೋಣಿ ಎಲ್ಲ ದಾಟಿ ಬಂದರೂ ಒಂದೂ ಒಡೆದಿರಲಿಲ್ಲ. ಆ ಹೆಮ್ಮೆಯಲ್ಲೇ ಅವರು ಪೆಟ್ಟಿಗೆ ಬಿಚ್ಚಿದ್ದು.

ಅತ್ತೆ ಹೊಸ್ತಿಲಲ್ಲಿ ನಿಂತು ಕೇಳಿದರು: "ಎಂತದಾ ಅದ್?"

"ಪಿಂಗಾಣಿ ಬಟ್ಲ್, ಅಮ್ಮ. ಕಾಣಿ, ಎಷ್ಟ್ ಚಂದ ಇತ್ತ್."

"ಯಾರ್ಯಾರ್ ಉಂಡ್ ಬಿಟ್ಟದ್ದೋ ಎಂತದೋ. ತೊಳದ್ರೂ ಮಡಿ ಆತಿಲ್ಲ ಅದ್. ಮನಿ ಒಳ್ಗ್ ತರುಕಾಗ."

ಪೆಟ್ಟಿಗೆ ಬೈಹುಲ್ಲಿನ ಕೊಟ್ಟಿಗೆಗೆ ಹೋಯಿತು. ಅಷ್ಟು ಚಂದದ ಬಟ್ಟಲುಗಳು ಧೂಳು ಹಿಡಿಯುವುದು ನೋಡಲಾರದೆ ನಾನು ಒಂದು ದಿನ ಅವನ್ನು ಬಾವಿಕಟ್ಟೆಗೆ ಒಯ್ದು ತೊಳೆದೆ. ಸಾಲಾಗಿ ಇಟ್ಟಿದ್ದೆ. ಕೆಲವುಗಳಲ್ಲಿ ನೀರು ಉಳಿದಿತ್ತು. ಕೈಯಲ್ಲಿದ್ದ ತೆಂಗಿನ ಹಿಡಿಕಡ್ಡಿ ಒಂದರ ಅಂಚಿಗೆ ತಾಗಿ 'ಟಿಂಯ್' ಎಂದಿತು. ಪಕ್ಕದ್ದಕ್ಕೆ ತಾಗಿಸಿದೆ. ಅದರ ಸ್ವರ ಬೇರೆ. ಮೊದಲನೆಯದಕ್ಕೆ ಒಂದು ಬೊಗಸೆ ನೀರು ಹಾಕಿ ಮತ್ತೆ ಹೊಡೆದೆ. ಸ್ವರ ಕೆಳಗಿಳಿಯಿತು. ನನ್ನ ಮೈ ಜುಂ ಎಂದಿತು. ಸೀರೆಯೆಲ್ಲ ಒದ್ದೆ ಮಾಡಿಕೊಂಡು, ನೀರು ಹಾಕಿ, ಚೆಲ್ಲಿ, ಮತ್ತೆ ಹಾಕಿ, ಸ-ರಿ-ಗ ತನಕ ಬಂದಿದ್ದೆ. ಹಿಂದಿನಿಂದ ನಮ್ಮವರ ದನಿ ಕೇಳಿಸಿತು.

"ಹ್ವಾಯ್, ಇನ್ನೊಂದ್ ಸಲ ಹೊಡಿ ಕಾಂಬ."

ನಾಚಿಕೆಯಾಗಿ ಕಡ್ಡಿ ಕೆಳಗೆ ಹಾಕಿದೆ. ಅವರು ಬಾವಿಕಟ್ಟೆಯ ಮೇಲೇ ಕುಳಿತರು. "ಬೊಂಬಾಯಗೆ ಒಂದ್ ಮದ್ವಿ ಮನೆಗೆ ಕಂಡಿದ್ದೆ. ಒಬ್ರ್ ಇದೇ ನಮ್ನಿ ಬಟ್ಲಿಗೆ ನೀರ್ ಹಾಯ್ಕಂಡ್ ಬಾರ್ಸುದ್. ಜಲತರಂಗ ಅಂಬ್ರ್. ದೊಡ್ ಬಟ್ಲ್ ಎಡಕ್ಕ್, ಸಣ್ಣದ್ ಬಲಕ್ಕ್, ಸುತ್ತ ಇಟ್ಕಂಡ್ ಮಧ್ಯ ಕೂಕಂಬುದ್."

ಅವರಿಗೆ ಗೊತ್ತಿದ್ದದ್ದು ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಹಿತ್ತಲ ಬಿದಿರಿನಿಂದ ಅವರು ತೆಳ್ಳಗಿನ ಎರಡು ಕೋಲು ಸೀಳಿ ನಯ ಮಾಡಿಕೊಟ್ಟರು. ನಾನು ಕೊಟ್ಟಿಗೆಯ ನೆಲ ಸಾರಿಸಿ ಬಟ್ಟಲುಗಳನ್ನು ಅರ್ಧಚಂದ್ರದ ಹಾಗೆ ಇಟ್ಟೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಸಂಜೆಯ ದೀಪದ ತನಕ ಅದೇ ನನ್ನ ಜಾಗ. ಮೊದಮೊದಲು ಅಪ್ಪಯ್ಯ ಕಲಿಸಿದ್ದನ್ನೆಲ್ಲ ಓಡಿಸಿ ಬಾರಿಸಲು ನೋಡಿದೆ. ಅಡುಗೆಮನೆಯಲ್ಲಿ ಬೆಕ್ಕು ಪಾತ್ರೆ ಬೀಳಿಸಿದ ಹಾಗೆ ಕೇಳುತ್ತಿತ್ತು. ಒಂದು ಸ್ವರ ಆರುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತಿತ್ತು. ಸಿಟ್ಟು ಬಂದು ಕೋಲು ಎಸೆದ ದಿನಗಳಿವೆ. ಆಮೇಲೆ ಒಂದು ದಿನ ಸುಸ್ತಾಗಿಯೋ ಏನೋ, ಷಡ್ಜವನ್ನು ಒಮ್ಮೆ ಮುಟ್ಟಿ ಹಾಗೇ ಕುಳಿತೆ. ಅದು ಹರಡಿತು, ಸಣ್ಣಗಾಯಿತು, ಎಲ್ಲಿ ನಿಂತಿತು ಎಂದು ಹೇಳಲಾರದಷ್ಟು ಮೆಲ್ಲಗೆ ನಿಂತಿತು. ಆಗ ಗಾಂಧಾರ ಮುಟ್ಟಿದೆ. ಮತ್ತೆ ಕಾದೆ. ತಾಳವಿಲ್ಲ, ಸಾಹಿತ್ಯವಿಲ್ಲ, ಎಲ್ಲಿಗೂ ಹೋಗುವ ಅವಸರವಿಲ್ಲ. ಕೋಲಿನ ತುದಿಯಿಂದ ನೀರನ್ನು ತುಸು ಅಲುಗಿಸಿದರೆ ಸ್ವರ ಬಳುಕುತ್ತದೆ ಎಂದು ಕಂಡುಕೊಂಡದ್ದೂ ಆವತ್ತೇ. ಗಂಟಲುಮಾರಿ ಬಂದ ಮೇಲೆ ಮೊದಲ ಬಾರಿಗೆ ನನ್ನ ಒಳಗಿನದು ನನ್ನ ಕಿವಿಗೆ ಕೇಳಿಸಿತು. ಕೊಟ್ಟಿಗೆಯಲ್ಲಿ ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕುಬಿಟ್ಟೆ. ಕಟ್ಟಿದ್ದ ಕರು ಬೆದರಿ ಎದ್ದು ನಿಂತಿತು.

ಹಾಗೆ ಬಾರಿಸುತ್ತ ಎಷ್ಟು ದಿನ ಕಳೆದಿತ್ತೋ. ಒಂದು ಸಂಜೆ ಕಣ್ಣು ತೆರೆದಾಗ ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆ ಕುಳಿತಿದ್ದರು. ಕೆಳಗೆ ನೆಲದ ಮೇಲೇ, ಗೋಡೆಗೆ ಒರಗಿ. ಕೈಯಲ್ಲಿ ಜಪಮಣಿ. ಕಣ್ಣು ಮುಚ್ಚಿತ್ತು. ಬೆರಳು ಒಂದೊಂದೇ ಮಣಿಯನ್ನು ಸರಿಸುತ್ತಿತ್ತು. ನನ್ನ ಕೈ ನಿಂತಿತು.

"ನಿಲ್ಸ್‌ಬೇಡ" ಎಂದರು, ಕಣ್ಣು ತೆರೆಯದೆ.

ಬಾರಿಸಿದೆ. ಹೊತ್ತು ಮುಳುಗಿ ಬಟ್ಟಲುಗಳ ಅಂಚು ಕಾಣದಷ್ಟು ಮಬ್ಬಾಯಿತು. ಅತ್ತೆ ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಸುತ್ತಿದರು. ಆಮೇಲೆ ನನ್ನನ್ನು ನೋಡಿ, ಇಷ್ಟು ತಿಂಗಳಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದರು.

"ಹಾಡ್ ಕೇಂಬುಕ್ ಆತಿಲ್ಲ ಹೆಣೇ ನಂಗ್. ಹಾಡಂದ್ರೆ ಅದ್ರಗ್ ಒಂದ್ ಮಾತಿರತ್ತ್. ತಾಯಿ ಅಂತ್ ಬತ್ತ್, ಮಗು ಅಂತ್ ಬತ್ತ್, ತೊಟ್ಲ್ ಅಂತ್ ಬತ್ತ್. ಕೂಡ್ಲೆ ಅವ್ಳ್ ನೆನ್ಪಾತ್ತ್. ಇದ್ರಗ್ ಮಾತೇ ಇಲ್ಲ ಕಾಣ್. ಇದ್ ಆತ್ತ್ ನಂಗ್."

"ನಾಳೆಯೂ ಬಾರ್ಸ್ತೆ ಅತ್ತೆ" ಎಂದೆ, ಅಷ್ಟೇ.

"ನಾಳೆ ಇಲ್ಲ್ ಬೇಡ. ಸೊಳ್ಳಿ ಕಚ್ಚತ್ತ್. ಜಗ್ಲಿ ಮೇಲ್ ಬಂದ್ ಕೂಕೊ" ಎಂದು ಹೇಳಿ ಎದ್ದು ಹೋದರು.

ನನಗೆ ಬಂದ ಖುಷಿಯನ್ನು ಹೇಗೆ ಹೇಳಲಿ! ಮರುದಿನ ಮಧ್ಯಾಹ್ನವೇ ಬಟ್ಟಲುಗಳು ಜಗಲಿ ಹತ್ತಿದವು. ಮಾವ ನೋಡಿ ಹುಬ್ಬೇರಿಸಿದರು. ಅತ್ತೆ ಅವರಿಗೆ, "ನಾನ್ ಹೇಳದ್ದ್" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ನಾನು ಕೈಯಿಂದ ನೀರು ಎತ್ತಿ ಹಾಕಿ ಶ್ರುತಿ ಕೂಡಿಸುವ ಪರದಾಟ ನೋಡಿ ಅತ್ತೆಯೇ, ತೀರ್ಥಕ್ಕೆ ಬಳಸುವ ಹಳೆಯ ತಾಮ್ರದ ಉದ್ಧರಣೆಯೊಂದನ್ನು ತಂದು ಮಡಿಲಿಗೆ ಹಾಕಿದರು. ಆ ಪುಟ್ಟ ಸೌಟಿನಲ್ಲಿ ಹನಿ ಹನಿಯಾಗಿ ನೀರು ಹಾಕಬಹುದಿತ್ತು. ನನ್ನ ಬಟ್ಟಲುಗಳು ಸರಿಯಾದ ಶ್ರುತಿಗೆ ನಿಂತದ್ದು ಆ ಮೇಲೇ. ಅತ್ತೆ ದಿನವೂ ಜಪಕ್ಕೆ ಕುಳಿತರು. ಎರಡನೇ ಸಲ ಅಂಗಳ ಗುಡಿಸುವುದು ತಾನಾಗಿ ನಿಂತಿತು. ಒಂದು ದಿನ ಊಟಕ್ಕೆ ಕುಳಿತಾಗ, ಇನ್ನೊಂದು ಸೌಟು ಸಾರು ಹಾಕು ಎಂದು ಕೇಳಿದರು. ಬಡಿಸುತ್ತಿದ್ದ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಆ ಕಾಲದಲ್ಲಿ ಕುಂದಾಪುರದ ಒಬ್ಬ ವಕೀಲರ ಹೆಂಡತಿ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಚರಕ ಕಲಿಸುತ್ತಿದ್ದರು. ಹತ್ತಿಯ ಹಂಜಿ ಕೊಟ್ಟು ನೂಲು ಒಯ್ಯಲು ನಮ್ಮ ಊರಿಗೂ ಬರುತ್ತಿದ್ದರು. ದಪ್ಪ ಖಾದಿ ಸೀರೆ, ದೊಡ್ಡ ನಡಿಗೆ, ಯಾರ ಮನೆಗೂ ಸಲೀಸಾಗಿ ಹೋಗುವ ಹೆಂಗಸು. ಒಂದು ಸಂಜೆ ದೋಣಿಗೆ ಹೊತ್ತಾಯಿತೆಂದು ನಮ್ಮ ಬೇಲಿಯ ಪಕ್ಕ ಹೋಗುತ್ತಿದ್ದವರು ನಿಂತುಬಿಟ್ಟರು. ಬಾರಿಸಿ ಮುಗಿದ ಮೇಲೆ ಒಳಗೆ ಬಂದರು.

"ನಮ್ಮಲ್ಲಿ ವಾರಕ್ಕೊಮ್ಮೆ ಮೌನವಾಗಿ ಕೂತ್ಕಂಡ್ ನೂಲುದ್ ಅಂತ ಇತ್ತ್. ಹೆಸರಿಗೆ ಮೌನ. ಕೂತ ಕೂಡ್ಲೆ ಪಿಸಿಪಿಸಿ ಶುರುವಾತ್ತ್. ನೀವ್ ಬಂದ್ ಇದನ್ ಬಾರ್ಸ್ಕ್. ತಾಲೂಕಿನ ಹೆಂಗಸ್ರೆಲ್ಲ ಸೇರು ದೊಡ್ ಸಭೆ ಬತ್ತ ಇತ್ತ್. ಅದ್ಕೇ ಬನ್ನಿ."

ನಾನು ಅತ್ತೆಯ ಮುಖ ನೋಡಿದೆ. ಇಂಥ ಮಡಿ ಮನೆಯ ಸೊಸೆ ಸಭೆಯಲ್ಲಿ ಕುಳಿತು ಬಾರಿಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅತ್ತೆ ಸ್ವಲ್ಪ ಯೋಚಿಸಿ, "ನಾನೂ ಬತ್ತೆ" ಎಂದರು.

ಹೊರಟ ಬೆಳಿಗ್ಗೆ ಬಟ್ಟಲುಗಳನ್ನು ಬೈಹುಲ್ಲಿನಲ್ಲಿ ಸುತ್ತಿ ಬುಟ್ಟಿಗಳಿಗೆ ತುಂಬಿದೆವು. ಅತ್ತೆ ಬೇರೆಯವರ ಮನೆಯ ನೀರು ಕುಡಿಯುವವರಲ್ಲ. ಆದ್ದರಿಂದ ಒಂದು ಕೊಡಪಾನ ತುಂಬ ನಮ್ಮ ಬಾವಿಯ ನೀರೂ ದೋಣಿ ಹತ್ತಿತು. ನಮ್ಮವರು ಕೊಡಪಾನ ಹಿಡಿದರು. ಸಣ್ಣ ಬಟ್ಟಲುಗಳ ಬುಟ್ಟಿಯನ್ನು ಅತ್ತೆ ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡರು. ಹೊಳೆ ಇಳಿದು, ನೀರು ಅಗಲವಾಗಿ, ಉಪ್ಪು ಗಾಳಿ ಮುಖಕ್ಕೆ ಹೊಡೆಯುವಾಗ ನಾನು ಬಾರಿಸಬೇಕಾದದ್ದನ್ನು ತೊಡೆಯ ಮೇಲೆ ಬೆರಳಿನಲ್ಲೇ ಮತ್ತೆ ಮತ್ತೆ ಬಾರಿಸಿಕೊಳ್ಳುತ್ತಿದ್ದೆ. ಕುಂದಾಪುರದ ದಕ್ಕೆಗೆ ದೋಣಿ ತಾಗುವಾಗ ಸ್ವಲ್ಪ ಜೋರಾಗಿಯೇ ತಾಗಿತು. ಅತ್ತೆ ಬುಟ್ಟಿಯನ್ನು ಎದೆಗೆ ಅಪ್ಪಿಕೊಂಡರು. ಆದರೂ ಒಳಗೆ ಒಂದು ಸಣ್ಣ 'ಟಪ್' ಕೇಳಿಸಿತು.

ಸಭೆ ನಡೆಯುವ ಶಾಲೆಯ ಜಗಲಿಯಲ್ಲಿ ಬುಟ್ಟಿ ಬಿಚ್ಚಿದಾಗ ಮಧ್ಯಮ ಸ್ವರದ ಬಟ್ಟಲು ಎರಡು ಹೋಳಾಗಿತ್ತು. ನೀಲಿ ಅಂಚಿನ, ನನ್ನ ಪ್ರೀತಿಯ ಬಟ್ಟಲು. ಅತ್ತೆ ಹೋಳುಗಳನ್ನು ಅಂಗೈಯಲ್ಲಿ ಜೋಡಿಸಿ ಹಿಡಿದು, "ನಾನ್ ಹಿಡ್ಕಂಡದ್ದೇ ಒಡೀತಲ್ಲ ಮಗಾ" ಎಂದು ಅಳಲು ಶುರುಮಾಡಿದರು. ಮಗಳು ತೀರಿದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಬಾರಿಸಬೇಕೆಂದು ಮನಸ್ಸಿನಲ್ಲಿ ಕೂಡಿಸಿಟ್ಟದ್ದು ಶಂಕರಾಭರಣ ರಾಗ. ಮಧ್ಯಮವಿಲ್ಲದೆ ಅದು ಆಗುವಂತಿರಲಿಲ್ಲ. ಅವರ ಕೈಯಿಂದ ಹೋಳುಗಳನ್ನು ತೆಗೆದುಕೊಳ್ಳುವಾಗಲೇ ಹೊಳೆಯಿತು: ಮೋಹನ ರಾಗಕ್ಕೆ ಮಧ್ಯಮ ಬೇಡ. ನಿಷಾದವೂ ಬೇಡ.

"ಅಳ್‌ಬೇಡಿ ಅತ್ತೆ. ಅದ್ ಇಲ್ದೆಯೂ ಆತ್ತ್. ಇನ್ನೂ ಚಂದ ಆತ್ತ್" ಎಂದೆ. ನಿಷಾದದ ಬಟ್ಟಲನ್ನೂ ತೆಗೆದು ಬದಿಗಿಟ್ಟೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೊಡಪಾನ ಎತ್ತಿದರು.

ಒಳಗೆ ದೊಡ್ಡ ಕೋಣೆಯ ತುಂಬ ಹೆಂಗಸರು. ಕೋಟೇಶ್ವರದವರು, ಗಂಗೊಳ್ಳಿಯವರು, ತಾಲೂಕಿನಾಚೆ ಬ್ರಹ್ಮಾವರದ ಕಡೆಯಿಂದಲೂ ಬಸ್ಸಿನಲ್ಲಿ ಬಂದವರು. ಒಬ್ಬೊಬ್ಬರ ಮುಂದೆ ಒಂದೊಂದು ಚರಕ. ಮೀನು ಪೇಟೆಯಷ್ಟು ಗಲಾಟೆ. ನಾನು ಬಟ್ಟಲುಗಳನ್ನು ಇಟ್ಟು ನೀರು ತುಂಬುತ್ತಿರುವಾಗ, ಸಭೆಗೆ ಬಂದಿದ್ದ ಖಾದಿ ಟೋಪಿಯ ಹಿರಿಯರೊಬ್ಬರು ಹತ್ತಿರ ಬಂದರು. ಬದಿಗಿಟ್ಟಿದ್ದ ಬಟ್ಟಲನ್ನು ಎತ್ತಿ ಮಗುಚಿ ಅಡಿಯಲ್ಲಿದ್ದ ಅಕ್ಷರ ನೋಡಿದರು.

"ಎಂತ ಅಮ್ಮ ಇದ್? ನಾವ್ ಪರ್ದೇಶಿ ಬಟ್ಟಿ ಸುಟ್ಟವ್ರ್. ಈಗ ಪರ್ದೇಶಿ ಬಟ್ಲ್ ಇಟ್ಕಂಡ್ ನೂಲುಕ್ ಕೂಕಣ್ಕಾ? ಇದ್ ಆತಿಲ್ಲ. ಹೊರ್ಗ್ ಇಡಿ."

ಗಲಾಟೆ ಒಮ್ಮೆಲೇ ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ. ವಕೀಲರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ಅತ್ತೆ ಎದ್ದು ನಿಂತರು. ಗಂಡಸರೆದುರು ದನಿ ಎತ್ತಿದವರೇ ಅಲ್ಲ ಅವರು.

"ಬಟ್ಲ್ ಪರ್ದೇಶಿದಾದ್ರ್ ಎಂತಾಯ್ತ್? ಒಳ್ಗಿಪ್ಪ ನೀರ್ ನಮ್ಮನಿ ಬಾವಿದ್. ಕೋಲ್ ನಮ್ ಹಿತ್ಲಿನ ಬಿದ್ರಿಂದ್. ಬಾರ್ಸುದ್ ನನ್ ಸೊಸಿ. ನಿಮ್ ಮೂಗಿನ ಮೇಲಿಪ್ಪ ಕನ್ನಡ್ಕ ಯಾವ್ ಊರಿಂದ್, ಹೇಳಿ ಕಾಂಬ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಹಿರಿಯರ ಕೈ ಅವರಿಗರಿವಿಲ್ಲದೆಯೇ ಕನ್ನಡಕಕ್ಕೆ ಹೋಯಿತು, ಅವರಿಗೂ ನಗು ತಡೆಯಲಾಗಲಿಲ್ಲ. "ಆಯ್ತ್ ಮಾರಾಯ್ತಿ, ಬಾರ್ಸ್ಲಿ" ಎಂದು ಹೋಗಿ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತರು.

ಗಂಟೆ ಹೊಡೆಯಿತು. ಎಲ್ಲರೂ ಒಟ್ಟಿಗೆ ಚರಕ ತಿರುಗಿಸಿದರು. ಆ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮೊದಲು ಒಂದೊಂದು ಒಂದೊಂದು ಬಗೆ, ಕಿರ್ರ್ ಎನ್ನುವುದು, ಗರಗರ ಎನ್ನುವುದು. ಸ್ವಲ್ಪ ಹೊತ್ತಿಗೆ ಕೈಗಳು ಹದಕ್ಕೆ ಬಂದು ಎಲ್ಲ ಸೇರಿ ಒಂದೇ ಗುಂಯ್‌ಕಾರವಾಯಿತು, ಹತ್ತು ಶ್ರುತಿಪೆಟ್ಟಿಗೆಗಳನ್ನು ಒಟ್ಟಿಗೆ ಹಿಡಿದ ಹಾಗೆ. ನನ್ನ ಷಡ್ಜ ಅದಕ್ಕಿಂತ ಕೂದಲಿನಷ್ಟು ಮೇಲಿತ್ತು. ಉದ್ಧರಣೆಯಿಂದ ಹನಿ ಹಾಕಿ ಇಳಿಸುತ್ತ ಬಂದೆ. ಒಂದು ಹನಿಗೆ ಬಟ್ಟಲೂ ಕೋಣೆಯೂ ಸೇರಿಕೊಂಡವು. ಉಳಿದ ಬಟ್ಟಲುಗಳನ್ನು ಅದಕ್ಕೆ ಹೊಂದಿಸಿದೆ.

ಷಡ್ಜ ಮುಟ್ಟಿ ಕಾದೆ. ರಿಷಭ. ಗಾಂಧಾರದ ಮೇಲೆ ನಿಂತು ನೀರನ್ನು ಮೆಲ್ಲಗೆ ಅಲುಗಿಸಿದೆ. ಅಲ್ಲಿಂದ ಮಧ್ಯಮವಿಲ್ಲದ ಜಾಗವನ್ನು ದಾಟಿ ಪಂಚಮಕ್ಕೆ ಹೋದಾಗ, ಹೊಳೆಯಿಂದ ಕಡಲಬಾಯಿಗೆ ಬಂದ ದೋಣಿಯ ಹಾಗೆ ಎದುರಿಗೆ ಎಲ್ಲ ತೆರೆದುಕೊಂಡಿತು. ಪಿಸುಮಾತು ಒಂದೂ ಇರಲಿಲ್ಲ. ಹಂಜಿಯಿಂದ ನೂಲು ಬರುತ್ತಿತ್ತು, ಕೈಗಳು ಮೇಲೇರಿ ಇಳಿಯುತ್ತಿದ್ದವು. ಎದುರಿಗಿದ್ದ ಒಬ್ಬ ಮುದುಕಿ ಕಣ್ಣು ಮುಚ್ಚಿಯೇ ನೂಲುತ್ತಿದ್ದಳು, ಎಳೆ ತುಂಡಾಗುತ್ತಿರಲಿಲ್ಲ. ಇನ್ನೊಬ್ಬಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಅವರವರ ಒಳಗೆ ಏನೇನಿತ್ತೋ ಅದು ಅವರಿಗೆ. ನಾನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಕೋಟದ ಜಗಲಿಯಲ್ಲಿ, ಗಂಟಲು ಚೆನ್ನಾಗಿದ್ದ ಕಾಲದಲ್ಲಿ ಕೂಡ, ನಾನು ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ಮುಗಿಯಬೇಕಾದ ಹೊತ್ತಿಗೆ ಗಂಟೆ ಹೊಡೆಯಬೇಕಿದ್ದ ಹೆಂಗಸು ಮರೆತೇಬಿಟ್ಟಿದ್ದಳು. ನಾನೇ ಮೇಲಿನ ಷಡ್ಜಕ್ಕೆ ಹೋಗಿ, ಇಳಿದು, ನಿಲ್ಲಿಸಿದೆ. ಚರಕಗಳು ಒಂದೊಂದಾಗಿ ನಿಂತವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಏಳಲಿಲ್ಲ. ಹೊರಗೆ ತೆಂಗಿನ ಗರಿಗಳ ಸದ್ದು ಕೇಳುತ್ತಿತ್ತು. ಬೆಂಚಿನ ಮೇಲಿನ ಹಿರಿಯರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ ಅವರೇ ಮಾತಾಡಿದ್ದು.

"ಇನ್ನೊಂದ್ ಸಲ ಬಾರ್ಸ್ತ್ಯಾ, ಮಗಾ?"

ಬಾರಿಸಿದೆ. ಈ ಸಲ ಅವರು ಎದ್ದು ಬಂದು ಖಾಲಿ ಇದ್ದ ಒಂದು ಚರಕದ ಮುಂದೆ ಹೆಂಗಸರ ನಡುವೆಯೇ ಕುಳಿತು ನೂತರು.

ಆಮೇಲೆ ಏನು ಗದ್ದಲ! ಬಟ್ಟಲು ಮುಟ್ಟಿ ನೋಡುವವರು, ಕೋಲು ಕೇಳುವವರು, ಯಾರು ಕಲಿಸಿದ್ದು ಎನ್ನುವವರು. ಬ್ರಹ್ಮಾವರದವರು ತಮ್ಮ ಊರಿಗೆ ಬರಲೇಬೇಕೆಂದು ಪಟ್ಟು ಹಿಡಿದರು. ಒಡೆದದ್ದರ ಬದಲಿಗೆ ತಮ್ಮ ಮನೆಯಿಂದ ಬಟ್ಟಲು ತಂದುಕೊಡುತ್ತೇನೆಂದು ಗಂಗೊಳ್ಳಿಯ ಹೆಂಗಸೊಬ್ಬಳು ಅತ್ತೆಯ ಕೈ ಹಿಡಿದು ಹೇಳಿದಳು. ಅತ್ತೆ ಅವಳ ಮನೆ, ಮಕ್ಕಳು, ಊಟ ಎಲ್ಲ ವಿಚಾರಿಸಿ, "ತಗಂಡ್ ಬಾ, ನಾನೇ ಶ್ರುತಿ ಕಾಂತೆ" ಎಂದರು. ಶ್ರುತಿಯ ವಿಷಯ ಅವರಿಗೆ ಯಾವಾಗಿನಿಂದ ಗೊತ್ತು ಎಂದು ನಾನು ಕೇಳಲಿಲ್ಲ. ಆ ವರ್ಷದಿಂದ ಸ್ವಾತಂತ್ರ್ಯ ಬಂದ ಆಚೆಗೂ ತಾಲೂಕಿನ ಯಾವ ಊರಲ್ಲಿ ಹೆಂಗಸರು ನೂಲಲು ಸೇರಿದರೂ ನನ್ನ ಬಟ್ಟಲುಗಳು ಹೋಗುತ್ತಿದ್ದವು. ಅತ್ತೆಯೂ ಬರುತ್ತಿದ್ದರು.

ಆವತ್ತು ಹಿಂದೆ ಬರುವಾಗ ಕಡಲಿನ ಭರತ ಏರುತ್ತಿತ್ತು, ದೋಣಿ ಹಗುರಾಗಿ ಹೊಳೆ ಹತ್ತುತ್ತಿತ್ತು. ಬಿದಿರಿನ ಜಲ್ಲೆ ಹಾಕುತ್ತಿದ್ದ ದೋಣಿಯವ ಕೇಳಿದ: "ಎಂತ ಅಮ್ಮ, ಬುಟ್ಟಿ ಬುಟ್ಟಿ ತಗಂಡ್ ಹೋಯಿದ್ರಿ?"

ಅತ್ತೆ ಕಾಲು ಚಾಚಿ ಆರಾಮವಾಗಿ ಕುಳಿತು ಶುರುಮಾಡಿದರು. ದೋಣಿ ಮೊದಲ ತಿರುವು ದಾಟುವಷ್ಟರಲ್ಲಿ ಶಾಲೆಯ ಕೋಣೆ ಇಡೀ ಶಾಲೆಯಾಗಿತ್ತು. ಎರಡನೇ ತಿರುವಿಗೆ ಕುಂದಾಪುರ ಪೇಟೆಯೇ ಅಂಗಡಿ ಮುಚ್ಚಿ ಬಂದು ನಿಂತಿತ್ತು. ನಮ್ಮವರು ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು. ದೋಣಿಯವ ಜಲ್ಲೆಯನ್ನು ನೀರಿನಲ್ಲಿ ಹಾಗೇ ಊರಿ ನಿಂತು, "ಹೌದಾ ಅಮ್ಮ? ಮತ್ತೆ?" ಎಂದು ಕೇಳುತ್ತಿದ್ದ.

"ಮತ್ತೆ ಎಂತ?" ಎಂದರು ಅತ್ತೆ. "ಎಲ್ರೂ ಬಾಯಿ ಮುಚ್ಕಂಡ್ ಕೂಕಂಡ್ರ್!"